ಕಲ್ಲಿದ್ದಲಿನಲ್ಲಿ ಕಲ್ಲೆಷ್ಟು, ಇದ್ದಲೆಷ್ಟು? ರೇಕ್‌ನ ಅಸಲಿ ಲೆಕ್ಕ ಗೊತ್ತಾಗೋದು ಹೀಗೆ

ರಾಯಚೂರು: ಕಲ್ಲಿದ್ದಲು ತುಂಬಿದ ಗೂಡ್ಸ್ ರೈಲು ನೋಡದವರು ರಾಯಚೂರು ತಾಲ್ಲೂಕಿನಲ್ಲಿ ಸಿಗೋದು ಕಷ್ಟ. ಶಕ್ತಿನಗರದ 1,720 ಮೆಗಾವ್ಯಾಟ್‌ನ ಆರ್‌ಟಿಪಿಎಸ್, ಯರಮರಸ್‌ನ 1,600 ಮೆಗಾವ್ಯಾಟ್‌ನ ವೈಟಿಪಿಎಸ್ ಎರಡೂ ನಡೆಯೋದು ಕಲ್ಲಿದ್ದಲಿನ ಮೇಲೆಯೇ. ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ, ಮಹಾರಾಷ್ಟ್ರದ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನಂಥ ಕಡೆಯಿಂದ ರೈಲಿನಲ್ಲೇ ಬರಬೇಕು.

ಆದರೆ ವ್ಯಾಗನ್‌ನಲ್ಲಿ ಬರೋದೆಲ್ಲ ಉರಿಯೋ ಸರಕಲ್ಲ. ನಮ್ಮ ದೇಶದ ವಿದ್ಯುತ್ ಸ್ಥಾವರಗಳಿಗೆ ಹೋಗೋ ಕಲ್ಲಿದ್ದಲನ್ನು ಸುಟ್ಟರೆ ಸಾಮಾನ್ಯವಾಗಿ ಶೇ 30ರಿಂದ 45ರಷ್ಟು ಬೂದಿ ಉಳಿಯುತ್ತೆ. ಒಂದು ರೇಕ್‌ನಲ್ಲಿ ಸುಮಾರು 4,000 ಟನ್ ಅಂತ ಹಿಡಿಯಿರಿ. ಬೂದಿ ಶೇ 40 ಇದ್ದರೆ 1,600 ಟನ್ ಬೂದಿಯ ಸರಕಿಗೂ ರೈಲ್ವೆಗೆ ಬಾಡಿಗೆ ಕಟ್ಟಿದ ಹಾಗಾಯ್ತು. ಅದೇ ಶೇ 34 ಇದ್ದರೆ 1,360 ಟನ್. ವ್ಯತ್ಯಾಸ 240 ಟನ್, ಅಂದರೆ ಹತ್ತಿರ ಹತ್ತಿರ ನಾಲ್ಕು ವ್ಯಾಗನ್.

ಹಾಗಾದ್ರೆ ಗಣಿ ಹತ್ತಿರವೇ ಕಲ್ಲು ಬೇರೆ ಮಾಡಿ, ಒಳ್ಳೆಯದನ್ನಷ್ಟೇ ಕಳಿಸಬಾರದಾ? ಈ ಪ್ರಶ್ನೆ ಯಾರಿಗಾದ್ರೂ ಬರುತ್ತೆ. ಉತ್ತರ ಮಾತ್ರ ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ. ಕೆಲವು ಕಲ್ಲಿದ್ದಲಿನಲ್ಲಿ ಅದು ಸುಲಭ, ಕೆಲವದರಲ್ಲಿ ಭಾರಿ ನಷ್ಟ. ಯಾವುದು ಯಾವ ಜಾತಿ ಅಂತ ತಿಳಿಯೋಕೆ ಮಾಡೋ ಅಳತೆಯೇ ಸಾಂದ್ರತೆಯ ಹಂಚಿಕೆ. ಸರಳವಾಗಿ ಹೇಳೋದಾದ್ರೆ, ರಾಶಿಯಲ್ಲಿ ಹಗುರ ತುಣುಕು ಎಷ್ಟು, ಭಾರದ್ದು ಎಷ್ಟು, ನಡುವಿನದ್ದು ಎಷ್ಟು ಅನ್ನೋ ಲೆಕ್ಕ.

ಸರಾಸರಿ ಒಂದೇ, ಸರಕು ಬೇರೆ

ಕಿರಾಣಿ ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಎರಡು ಚೀಲ ತೊಗರಿ ಬಂದಿವೆ. ಎರಡರಲ್ಲೂ ಕೆಜಿಗೆ 50 ಗ್ರಾಂ ಕಸ. ಮೊದಲ ಚೀಲದಲ್ಲಿ ಕಸ ಅಂದ್ರೆ ಬಿಡಿ ಕಲ್ಲು, ಹರಳು. ಜರಡಿ ಹಿಡಿದು, ಮೊರದಲ್ಲಿ ಕೇರಿದರೆ ಹಸನಾಗುತ್ತೆ. ಎರಡನೇ ಚೀಲದಲ್ಲಿ ಮಣ್ಣು ಕಾಳಿಗೇ ಮೆತ್ತಿಕೊಂಡಿದೆ. ಎಷ್ಟು ಕೇರಿದರೂ ಹೋಗಲ್ಲ, ಹೋದರೆ ಕಾಳನ್ನೂ ಕರಕೊಂಡು ಹೋಗುತ್ತೆ. ಕಸದ ಸರಾಸರಿ ಎರಡರಲ್ಲೂ ಒಂದೇ. ಆದರೆ ಒಂದೇ ರೇಟಿಗೆ ಎರಡನ್ನೂ ಯಾರೂ ಕೊಳ್ಳಲ್ಲ.

ಕಲ್ಲಿದ್ದಲಿನ ಕಥೆಯೂ ಇದೇ. 2012ರಿಂದ ನಮ್ಮಲ್ಲಿ ಕಲ್ಲಿದ್ದಲಿನ ಗ್ರೇಡ್ ನಿಗದಿ ಆಗೋದು ಅದು ಕೊಡೋ ಶಾಖದ ಮೇಲೆ. ಜಿ–1ರಿಂದ ಜಿ–17ರವರೆಗೆ ಗ್ರೇಡ್ ಇವೆ. ಈ ಗ್ರೇಡ್ ಇಡೀ ಮಾದರಿಯನ್ನು ಪುಡಿ ಮಾಡಿ ತೆಗೆದ ಸರಾಸರಿ. ಒಲೆಗೆ ಹಾಕೋಕೆ ಆ ಸಂಖ್ಯೆ ಸಾಕು. ತೊಳೆದರೆ ಏನು ಸಿಗುತ್ತೆ ಅನ್ನೋದಕ್ಕೆ ಅದು ಉತ್ತರ ಕೊಡಲ್ಲ.

ತೊಳೆಯೋದು ಅಂದ್ರೆ ಏನು?

ಕಲ್ಲಿದ್ದಲು ತೊಳೆಯೋದು ಅಂದ್ರೆ ಸೋಪು ಹಾಕಿ ತಿಕ್ಕೋದಲ್ಲ. ತೂಕದ ಆಧಾರದ ಮೇಲೆ ಕಲ್ಲನ್ನು ಬೇರೆ ಮಾಡೋದು.

ಒಂದು ಲೀಟರ್ ನೀರಿನ ತೂಕ 1 ಕೆಜಿ. ಅದೇ ಜಾಗ ತುಂಬೋ ಗಟ್ಟಿ, ಒಳ್ಳೆ ಕಲ್ಲಿದ್ದಲಿನ ತೂಕ ಸುಮಾರು 1.3 ಕೆಜಿ. ಅದರ ಜೊತೆ ಬರೋ ಜೇಡಿಪದರದ ಕಲ್ಲು, ಮರಳುಕಲ್ಲು 2.5 ಕೆಜಿ ಆಸುಪಾಸು. ಈ ಸಂಖ್ಯೆಯೇ ಸಾಂದ್ರತೆ. ಅರ್ಧ ಕಲ್ಲು ಅರ್ಧ ಇದ್ದಲು ಇರೋ ತುಣುಕಿನದ್ದು ಇವೆರಡರ ನಡುವೆ ಎಲ್ಲೋ ಇರುತ್ತೆ.

ಭತ್ತ ಬೆಳೆಯೋ ರೈತರು ಬಿತ್ತನೆ ಬೀಜವನ್ನು ಉಪ್ಪು ನೀರಿಗೆ ಹಾಕೋದು ಗೊತ್ತಲ್ಲ. ಮೊಟ್ಟೆ ತೇಲೋವರೆಗೆ ಉಪ್ಪು ಹಾಕ್ತಾರೆ, ಆಮೇಲೆ ಬೀಜ ಸುರೀತಾರೆ. ಜೊಳ್ಳು ಮೇಲೆ, ಗಟ್ಟಿ ಕಾಳು ಕೆಳಗೆ. ಕಲ್ಲಿದ್ದಲಿಗೂ ಇದೇ ಉಪಾಯ, ಆದರೆ ಉಲ್ಟಾ. ಇಲ್ಲಿ ತೇಲಿದ್ದು ಒಳ್ಳೆಯದು, ಮುಳುಗಿದ್ದು ಕಲ್ಲು.

ಗಣಿ ಪಕ್ಕದ ದೊಡ್ಡ ಘಟಕಗಳಲ್ಲಿ ಉಪ್ಪಿನ ಬದಲು ಮ್ಯಾಗ್ನಟೈಟ್ ಅನ್ನೋ ಕಬ್ಬಿಣದ ಅದಿರಿನ ನುಣುಪು ಪುಡಿಯನ್ನು ನೀರಿಗೆ ಕಲಸ್ತಾರೆ. ಪುಡಿ ಹೆಚ್ಚಾದಷ್ಟೂ ನೀರು ಭಾರ. ಆ ನೀರಿನ ಜೊತೆ ಕಲ್ಲಿದ್ದಲನ್ನು ಸೈಕ್ಲೋನ್ ಅನ್ನೋ ಶಂಕುವಿನ ಆಕಾರದ ಪಾತ್ರೆಯಲ್ಲಿ ಗಿರ್ರನೆ ತಿರುಗಿಸಿದರೆ ಹಗುರದ್ದು ಮೇಲಿನ ಬಾಯಿಂದ, ಭಾರದ್ದು ಕೆಳಗಿನ ಬಾಯಿಂದ ಹೊರಗೆ ಬರುತ್ತೆ. ಮ್ಯಾಗ್ನಟೈಟ್ ಆಯಸ್ಕಾಂತಕ್ಕೆ ಅಂಟೋದರಿಂದ ಅದನ್ನು ವಾಪಸ್ ಹಿಡಿದು ಮತ್ತೆ ಬಳಸಬಹುದು.

ಪ್ರಶ್ನೆ ಇರೋದು ನೀರನ್ನು ಎಷ್ಟು ಭಾರ ಮಾಡಬೇಕು ಅನ್ನೋದು. 1.5ಕ್ಕಾ, 1.6ಕ್ಕಾ, 1.8ಕ್ಕಾ? ಅದನ್ನು ಹೇಳೋಕೆ ಮೊದಲು ರಾಶಿಯ ಒಳಗೇನಿದೆ ಅಂತ ಅಳೆಯಲೇಬೇಕು.

ಅಳೆಯೋದು ಹೇಗೆ?

ಇದಕ್ಕೆ ತೇಲು–ಮುಳುಗು ಪರೀಕ್ಷೆ ಅಂತಾರೆ. ನೂರು ವರ್ಷಕ್ಕೂ ಹಳೆಯ ವಿಧಾನ, ಇವತ್ತಿಗೂ ಎಲ್ಲರೂ ನಂಬೋದು ಇದನ್ನೇ. ನಡೆಯೋದು ಹೀಗೆ:

ಮೊದಲು ಮಾದರಿ. ವ್ಯಾಗನ್ ಮೇಲಿಂದ ಒಂದು ಬುಟ್ಟಿ ಎತ್ತಿಕೊಂಡರೆ ಅದು ಮಾದರಿ ಅಲ್ಲ. ಸಾಗಣೆಯಲ್ಲಿ ಅಲುಗಾಡಿ ಪುಡಿ ಕೆಳಗಿಳಿಯುತ್ತೆ, ಹೆಂಟೆ ಮೇಲೆ ಉಳಿಯುತ್ತೆ. ಹಾಗಾಗಿ ಬೇರೆ ಬೇರೆ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಕೂಡಿಸಬೇಕು. ಹೆಂಟೆ ದೊಡ್ಡದಿದ್ದಷ್ಟೂ ಮಾದರಿಯೂ ದೊಡ್ಡದಿರಬೇಕು. ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕ ಎಲ್ಲಾ ತಪ್ಪು.

ಎರಡನೆಯದು ಜರಡಿ. ದಪ್ಪ, ಮಧ್ಯಮ, ಸಣ್ಣ ಅಂತ ಗಾತ್ರದ ಪ್ರಕಾರ ಬೇರೆ ಮಾಡ್ತಾರೆ. ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಪುಡಿ ದ್ರಾವಣದಲ್ಲಿ ಬೇಗ ತೇಲಲ್ಲ, ಬೇಗ ಮುಳುಗಲ್ಲ. ಅದಕ್ಕೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಹಾಕಿ ತಿರುಗಿಸಬೇಕಾಗುತ್ತೆ.

ಮೂರನೆಯದು ದ್ರಾವಣಗಳ ಸಾಲು. 1.3, 1.4, 1.5 ಹೀಗೆ 1.8 ಅಥವಾ 2.0ರವರೆಗೆ ಬೇರೆ ಬೇರೆ ಸಾಂದ್ರತೆಯ ದ್ರಾವಣ ಸಾಲಾಗಿ ಇಡ್ತಾರೆ. ಇದಕ್ಕೆ ಜಿಂಕ್ ಕ್ಲೋರೈಡ್ ಕರಗಿಸಿದ ನೀರು, ಇಲ್ಲವೇ ಬೆಂಜೀನ್, ಕಾರ್ಬನ್ ಟೆಟ್ರಾಕ್ಲೋರೈಡ್, ಬ್ರೋಮೋಫಾರ್ಮ್ ಮಿಶ್ರಣ ಬಳಸ್ತಾರೆ. ದ್ರಾವಣ ಸರಿಯಾಗಿದೆಯಾ ಅಂತ ನೋಡೋದು ಹೈಡ್ರೋಮೀಟರ್‌ನಲ್ಲಿ. ಬ್ಯಾಟರಿ ಅಂಗಡಿಯವರು ಆ್ಯಸಿಡ್ ನೋಡೋಕೆ ಇಟ್ಟುಕೊಂಡಿರ್ತಾರಲ್ಲ, ಅದೇ ಜಾತಿಯ ಉಪಕರಣ.

ನಾಲ್ಕನೆಯದು ಮುಳುಗಿಸೋದು. ಮೊದಲು 1.3ರ ದ್ರಾವಣಕ್ಕೆ ಹಾಕ್ತಾರೆ. ತೇಲಿದ್ದನ್ನು ಜಾಲರಿ ಸೌಟಿನಲ್ಲಿ ತೆಗೆದು ಬೇರೆ ಇಡ್ತಾರೆ. ಮುಳುಗಿದ್ದನ್ನು ತೊಳೆದು, ಒಣಗಿಸಿ 1.4ಕ್ಕೆ ಹಾಕ್ತಾರೆ. ಅಲ್ಲಿ ಮುಳುಗಿದ್ದು 1.5ಕ್ಕೆ. ಕೊನೆಗೆ 2.0ರಲ್ಲೂ ಮುಳುಗಿದ್ದು ಬಹುಪಾಲು ಕಲ್ಲೇ.

ಐದನೆಯದು ತೂಕ ಮತ್ತು ಬೂದಿ. ಪ್ರತಿ ಗುಂಪನ್ನೂ ತಕ್ಕಡಿಗೆ ಹಾಕಿ ತೂಕ ಬರ್ಕೋತಾರೆ. ಆಮೇಲೆ ಅದರಲ್ಲಿ ಸ್ವಲ್ಪ ನುಣ್ಣಗೆ ಪುಡಿ ಮಾಡಿ, ಸುಮಾರು 1 ಗ್ರಾಂ ತೂಗಿ, ಕುಲುಮೆಯಲ್ಲಿ 815 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಉಳಿದ ಬೂದಿ ತೂಗ್ತಾರೆ.

ಇಷ್ಟಾದ ಮೇಲೆ ಕೈಯಲ್ಲಿ ಒಂದು ಪಟ್ಟಿ ಇರುತ್ತೆ. ಯಾವ ಸಾಂದ್ರತೆಯ ಸರಕು ಎಷ್ಟು, ಅದರಲ್ಲಿ ಬೂದಿ ಎಷ್ಟು ಅನ್ನೋ ಪಟ್ಟಿ. ಇದನ್ನು ಗೆರೆಯಾಗಿ ಬರೆದು ತೋರಿಸೋ ಪದ್ಧತಿ 1905ರಲ್ಲಿ ಹೆನ್ರಿ ಅನ್ನೋ ಎಂಜಿನಿಯರ್‌ನಿಂದ ಶುರುವಾಯ್ತು.

ಈ ಪರೀಕ್ಷೆಗೆ ಎರಡು ತೊಂದರೆ ಇವೆ. ಒಂದು, ಕೆಲವು ದ್ರಾವಣ ವಿಷ. ಬೆಂಜೀನ್ ಕ್ಯಾನ್ಸರ್ ತರುತ್ತೆ. ಕಾರ್ಬನ್ ಟೆಟ್ರಾಕ್ಲೋರೈಡ್ ಓಝೋನ್ ಪದರಕ್ಕೆ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದ ನಿರ್ಬಂಧದಲ್ಲಿದೆ. ಸೋಡಿಯಂ ಪಾಲಿಟಂಗ್‌ಸ್ಟೇಟ್ ಅನ್ನೋ ನೀರಿನಲ್ಲಿ ಕರಗೋ ಪದಾರ್ಥ ಅಷ್ಟು ಅಪಾಯದ್ದಲ್ಲ, ಆದರೆ ಬಲು ದುಬಾರಿ. ಇನ್ನೊಂದು, ಸಮಯ. ಇಡೀ ಪರೀಕ್ಷೆ ಮುಗಿಯೋಕೆ ದಿನಗಟ್ಟಲೆ ಬೇಕು. ರಿಪೋರ್ಟ್ ಬರೋ ಹೊತ್ತಿಗೆ ಆ ಕಲ್ಲಿದ್ದಲು ಸುಟ್ಟು ಬೂದಿಯಾಗಿದ್ರೂ ಆಶ್ಚರ್ಯ ಇಲ್ಲ. ಅದಕ್ಕೇ ಇದನ್ನು ಪ್ರತಿ ರೇಕ್‌ಗೂ ಮಾಡೋಕಾಗಲ್ಲ. ಗಣಿಯ ಪದರಕ್ಕೆ, ಹೊಸ ತೊಳೆಯೋ ಘಟಕ ಕಟ್ಟೋ ಮುಂಚೆ, ಇಲ್ಲವೇ ಘಟಕ ಸರಿಯಾಗಿ ಓಡ್ತಿದೆಯಾ ನೋಡೋಕೆ ಮಾಡ್ತಾರೆ.

ಎರಡು ರಾಶಿಯ ಲೆಕ್ಕ

ಈಗ ಅಸಲಿ ವಿಷಯ. ಅರ್ಥ ಮಾಡ್ಕೊಳ್ಳೋಕೆ ಎರಡು ಕಾಲ್ಪನಿಕ ರಾಶಿ ತಗೊಳ್ಳೋಣ. ಎರಡೂ 100 ಟನ್. ಎರಡರಲ್ಲೂ ಬೂದಿ ಸರಿಯಾಗಿ ಶೇ 40.

ಮೊದಲ ರಾಶಿ:
– ಹಗುರ ಸರಕು 50 ಟನ್, ಬೂದಿ ಶೇ 12. ಅಂದರೆ 6 ಟನ್
– ನಡುವಿನದ್ದು 15 ಟನ್, ಬೂದಿ ಶೇ 40. ಅಂದರೆ 6 ಟನ್
– ಭಾರದ್ದು 35 ಟನ್, ಬೂದಿ ಶೇ 80. ಅಂದರೆ 28 ಟನ್

ಎರಡನೇ ರಾಶಿ:
– ಹಗುರ ಸರಕು 15 ಟನ್, ಬೂದಿ ಶೇ 20. ಅಂದರೆ 3 ಟನ್
– ನಡುವಿನದ್ದು 70 ಟನ್, ಬೂದಿ ಶೇ 40. ಅಂದರೆ 28 ಟನ್
– ಭಾರದ್ದು 15 ಟನ್, ಬೂದಿ ಶೇ 60. ಅಂದರೆ 9 ಟನ್

ಕೂಡಿಸಿ ನೋಡಿ, ಎರಡರಲ್ಲೂ ಒಟ್ಟು ಬೂದಿ 40 ಟನ್. ಗ್ರೇಡ್ ನೋಡಿದರೆ ಎರಡೂ ಅಣ್ಣ–ತಮ್ಮ.

ಈಗ ಎರಡನ್ನೂ ಶೇ 34 ಬೂದಿಗೆ ಇಳಿಸಬೇಕು ಅಂದ್ಕೊಳ್ಳಿ. ಮೊದಲ ರಾಶಿಯಲ್ಲಿ ಭಾರದ ಕಲ್ಲು ಕೇವಲ 13 ಟನ್ ತೆಗೆದು ಹಾಕಿದರೆ ಸಾಕು. ಸುಮಾರು 87 ಟನ್ ಒಳ್ಳೆ ಸರಕು ಕೈಯಲ್ಲಿ ಉಳಿಯುತ್ತೆ. ಎರಡನೇ ರಾಶಿಯಲ್ಲಿ ಭಾರದ 15 ಟನ್ ಪೂರ್ತಿ ತೆಗೆದರೂ ಬೂದಿ ಇಳಿಯೋದು ಶೇ 36.5ಕ್ಕೆ ಮಾತ್ರ. ಶೇ 34 ಬೇಕಂದ್ರೆ ನಡುವಿನ ಸರಕಿನಲ್ಲೂ ಅರ್ಧ, ಅಂದರೆ 35 ಟನ್ ಹೊರಗೆ ಹಾಕಬೇಕು. ಉಳಿಯೋದು 50 ಟನ್. ಹೊರಗೆ ಹಾಕಿದ ಆ 35 ಟನ್‌ನಲ್ಲಿ 21 ಟನ್ ಉರಿಯೋ ಸರಕೇ ಇತ್ತು!

ಸರಾಸರಿ ಒಂದೇ. ಒಂದರಲ್ಲಿ 87 ಟನ್ ಸಿಕ್ತು, ಇನ್ನೊಂದರಲ್ಲಿ 50. ಸಾಂದ್ರತೆಯ ಹಂಚಿಕೆ ಅಳೆಯದೆ ಇದನ್ನು ಯಾವ ಬಿಲ್ಲೂ, ಯಾವ ಗ್ರೇಡ್ ಸರ್ಟಿಫಿಕೇಟೂ ತೋರಿಸಲ್ಲ.

ನಡುವಿನ ಸರಕೇ ತಲೆನೋವು

ನಮ್ಮ ದೇಶದ ಕಲ್ಲಿದ್ದಲು ಬಹುತೇಕ ಎರಡನೇ ರಾಶಿಯ ಕಡೆ ವಾಲುತ್ತೆ. ಕಾರಣ ಅದು ಹುಟ್ಟಿದ ರೀತಿ. ಕೋಟ್ಯಂತರ ವರ್ಷಗಳ ಹಿಂದೆ ಸಸ್ಯರಾಶಿ ನೀರಿನಲ್ಲಿ ಕೊಚ್ಚಿ ಬಂದು, ಕೆಸರು, ರೇವೆಯ ಜೊತೆ ಸೇರಿ ಆದದ್ದು ಅಂತ ಭೂವಿಜ್ಞಾನಿಗಳು ಹೇಳ್ತಾರೆ. ಹಾಗಾಗಿ ಮಣ್ಣು ಇದ್ದಲಿನ ಒಳಗೇ ಸಣ್ಣಗೆ ಬೆರೆತುಹೋಗಿದೆ.

ಇದನ್ನು ಅಳೆಯೋಕೂ ಒಂದು ಮಾಪನ ಇದೆ. ಎಲ್ಲಿ ಕತ್ತರಿಸಬೇಕೋ ಆ ಸಾಂದ್ರತೆಗಿಂತ 0.1 ಮೇಲೆ, 0.1 ಕೆಳಗೆ ಇರೋ ಸರಕು ಎಷ್ಟು ಅಂತ ನೋಡೋದು. ಅದು ಶೇ 7ರ ಒಳಗಿದ್ದರೆ ತೊಳೆಯೋದು ಸುಲಭ. 10ರಿಂದ 15 ಕಷ್ಟ. 15ರಿಂದ 20 ಬಹಳ ಕಷ್ಟ. 25 ದಾಟಿದರೆ ಮಹಾ ಕಷ್ಟ. ಈ ವಿಂಗಡಣೆ ಮಾಡಿದ್ದು 1928ರಲ್ಲಿ, ಬರ್ಡ್ ಅನ್ನೋ ತಜ್ಞ.

ಒಡೆದರೆ ಬೇರೆ ಆಗಲ್ವಾ? ಸ್ವಲ್ಪ ಮಟ್ಟಿಗೆ ಆಗುತ್ತೆ. ಅರ್ಧ ಕಲ್ಲು, ಅರ್ಧ ಇದ್ದಲು ಅಂಟಿಕೊಂಡ ಹೆಂಟೆ ಸರಿಯಾಗಿ ನಡುವೆ ಒಡೆದರೆ ಒಂದು ಚೂರು ಹಗುರ ಗುಂಪಿಗೆ, ಇನ್ನೊಂದು ಭಾರದ ಗುಂಪಿಗೆ ಹೋಗುತ್ತೆ. ಅಂದರೆ ಹಂಚಿಕೆಯೇ ಬದಲಾಯ್ತು. ಅದಕ್ಕೇ ರಿಪೋರ್ಟ್‌ನಲ್ಲಿ ಯಾವ ಗಾತ್ರಕ್ಕೆ ಒಡೆದು ಪರೀಕ್ಷೆ ಮಾಡಿದ್ದು ಅಂತ ಬರೆದಿರದಿದ್ದರೆ ಆ ಸಂಖ್ಯೆಗೆ ಬೆಲೆ ಇಲ್ಲ. ಹಾಗಂತ ಒಡೀತಾನೇ ಹೋದರೆ ಪುಡಿ ಹೆಚ್ಚಾಗುತ್ತೆ. ಪುಡಿ ತೊಳೆಯೋದು ದುಬಾರಿ, ಅದರಲ್ಲಿ ನೀರೂ ಹೆಚ್ಚು ಉಳಿಯುತ್ತೆ.

ಯಂತ್ರ ಎಷ್ಟು ಸರಿಯಾಗಿ ಕತ್ತರಿಸುತ್ತೆ?

ಲ್ಯಾಬ್‌ನ ಪಾತ್ರೆಯಲ್ಲಿ ತುಣುಕು ಒಂದೋ ತೇಲುತ್ತೆ, ಇಲ್ಲ ಮುಳುಗುತ್ತೆ. ಗಂಟೆಗೆ ನೂರಾರು ಟನ್ ನುಂಗೋ ಯಂತ್ರದಲ್ಲಿ ಅಷ್ಟು ಕರಾರುವಾಕ್ಕಾಗಿ ನಡೆಯಲ್ಲ. 1.6ಕ್ಕೆ ಕತ್ತರಿಸು ಅಂತ ಇಟ್ಟರೆ, ಸರಿಯಾಗಿ 1.6 ಇರೋ ತುಣುಕು ಯಾವ ಕಡೆ ಹೋಗುತ್ತೆ ಅನ್ನೋದು ಐವತ್ತು–ಐವತ್ತು.

ಇದನ್ನು ಗೆರೆಯಲ್ಲಿ ತೋರಿಸಿದ್ದು ನೆದರ್ಲೆಂಡ್ಸ್‌ನ ಟ್ರಾಂಪ್, 1937ರಲ್ಲಿ. ಇವತ್ತಿಗೂ ಅದನ್ನು ಟ್ರಾಂಪ್ ರೇಖೆ ಅಂತಾನೇ ಕರೀತಾರೆ. ಉದಾಹರಣೆಗೆ, 1.57ರ ತುಣುಕುಗಳಲ್ಲಿ ಶೇ 75 ಒಳ್ಳೆ ಕಡೆ ಹೋದವು, 1.63ರ ತುಣುಕುಗಳಲ್ಲಿ ಶೇ 25 ಹೋದವು ಅನ್ನಿ. ವ್ಯತ್ಯಾಸ 0.06, ಅದರ ಅರ್ಧ 0.03. ಇದು ಯಂತ್ರದ ತಪ್ಪಿನ ಅಂಕ. ಚಿಕ್ಕದಿದ್ದಷ್ಟೂ ಒಳ್ಳೆಯದು. ಚೆನ್ನಾಗಿ ಓಡೋ ಸೈಕ್ಲೋನ್‌ನಲ್ಲಿ ಈ ಅಂಕ 0.03ರ ಆಸುಪಾಸು ಬರುತ್ತೆ. ನೀರನ್ನು ಮೇಲೆ ಕೆಳಗೆ ಕುಲುಕಿ ಬೇರೆ ಮಾಡೋ ಜಿಗ್ ಯಂತ್ರದಲ್ಲಿ 0.1 ಅಥವಾ ಹೆಚ್ಚು.

ಮೊದಲ ರಾಶಿಗೆ ಯಾವ ಯಂತ್ರ ಆದರೂ ನಡೆಯುತ್ತೆ. ಎರಡನೇ ರಾಶಿಗೆ ಸಡಿಲ ಯಂತ್ರ ಹಾಕಿದರೆ ಒಳ್ಳೆಯದು ಕಸಕ್ಕೆ, ಕಸ ಒಳ್ಳೆಯದಕ್ಕೆ ಹೋಗಿ ಎರಡೂ ಕಡೆ ನಷ್ಟ.

ಯಂತ್ರ ಪರೀಕ್ಷೆ ಮಾಡೋಕೆ ಒಂದು ಚುರುಕಿನ ಉಪಾಯ ಇದೆ. ಗೊತ್ತಿರೋ ಸಾಂದ್ರತೆಯ ಬಣ್ಣಬಣ್ಣದ ಪ್ಲಾಸ್ಟಿಕ್ ತುಣುಕುಗಳನ್ನು ಕಲ್ಲಿದ್ದಲಿನ ಜೊತೆ ಒಳಗೆ ಬಿಡೋದು. ಒಂದೊಂದು ಸಾಂದ್ರತೆಗೆ ಒಂದೊಂದು ಬಣ್ಣ. ಯಾವ ಬಣ್ಣದವು ಯಾವ ಬಾಯಿಂದ ಎಷ್ಟು ಹೊರಬಂದವು ಅಂತ ಎಣಿಸಿದರೆ ಮುಗೀತು. ದಿನಗಟ್ಟಲೆ ಕಾಯೋ ಹಾಗಿಲ್ಲ, ವಿಷದ ದ್ರಾವಣವೂ ಬೇಡ.

ಸಂಡೂರಿನ ಅದಿರು, ಹಟ್ಟಿಯ ಚಿನ್ನ

ಈ ಲೆಕ್ಕ ಕಲ್ಲಿದ್ದಲಿಗಷ್ಟೇ ಅಲ್ಲ. ಬಳ್ಳಾರಿ ಜಿಲ್ಲೆ ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್. ಶುದ್ಧವಿದ್ದರೆ ಅದರ ಸಾಂದ್ರತೆ 5ಕ್ಕಿಂತ ಹೆಚ್ಚು, ಅದರ ಜೊತೆಗಿರೋ ಬೆಣಚುಕಲ್ಲಿನದ್ದು 2.65. ಇಲ್ಲಿ ಮುಳುಗಿದ್ದೇ ಬೇಕಾದ ಮಾಲು. ಆದರೆ ಬ್ರೋಮೋಫಾರ್ಮ್ ಕೂಡ 2.9ರ ಹತ್ತಿರ ನಿಲ್ಲುತ್ತೆ, ಅದಕ್ಕಿಂತ ಭಾರದ ಸುರಕ್ಷಿತ ದ್ರಾವಣ ಸಿಗೋದು ಕಷ್ಟ. ಹಾಗಾಗಿ ಹೆಂಟೆಗಳನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿ ಲೆಕ್ಕ ಹಾಕ್ತಾರೆ. ಪುಡಿಯಾದರೆ ಹೀಲಿಯಂ ಅನಿಲ ತುಂಬಿ ಗಾತ್ರ ಅಳೆಯೋ ಪಿಕ್ನೋಮೀಟರ್ ಬಳಸ್ತಾರೆ.

ನಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸಿಗೋ ಚಿನ್ನದ ಸಾಂದ್ರತೆ 19.3, ಸುತ್ತಲಿನ ಬಂಡೆಯದ್ದು 3ರ ಆಸುಪಾಸು. ಇಷ್ಟು ಅಂತರ ಇದ್ದರೂ ಚಿನ್ನದ ಕಣ ಬಂಡೆಯೊಳಗೆ ಸಿಕ್ಕಿಕೊಂಡಿರೋವರೆಗೆ ಆ ತುಣುಕಿನ ತೂಕ ಬಂಡೆಯದ್ದೇ. ಮೊದಲು ಅರೆದು ಬಿಡಿಸಬೇಕು. ನಡುವಿನ ಸರಕಿನ ಕಾಟ ಅಲ್ಲೂ ತಪ್ಪಿದ್ದಲ್ಲ.

ಶೇ 34ರ ನಿಯಮ ಏನಾಯ್ತು?

ದೂರದ ಸ್ಥಾವರಗಳಿಗೆ ಶೇ 34ಕ್ಕಿಂತ ಹೆಚ್ಚು ಬೂದಿ ಇರೋ ಕಲ್ಲಿದ್ದಲು ಕಳಿಸಬಾರದು ಅಂತ ಕೇಂದ್ರ ಪರಿಸರ ಸಚಿವಾಲಯ 1997ರಲ್ಲಿ ನಿಯಮ ತಂತು. ಜಾರಿಗೆ ಬಂದದ್ದು 2001ರಲ್ಲಿ, ಆಗ ಗಣಿಯಿಂದ 1,000 ಕಿ.ಮೀ. ಆಚೆಯವರಿಗೆ. 2014ರ ಆದೇಶದಲ್ಲಿ ಇದನ್ನು ಹಂತಹಂತವಾಗಿ 500 ಕಿ.ಮೀ.ಗೆ ಇಳಿಸಿದರು. 2020ರ ಮೇ ತಿಂಗಳಲ್ಲಿ ಆ ಕಡ್ಡಾಯವನ್ನೇ ತೆಗೆದು ಹಾಕಿದರು. ತೊಳೆದಾಗ ಉಳಿಯೋ ಕಸದ ಕಲ್ಲಿದ್ದಲನ್ನು ಬೇರೆ ಯಾರೋ ಸುಡ್ತಾರೆ, ಮಾಲಿನ್ಯ ಜಾಗ ಬದಲಾಯಿಸುತ್ತೆ ಅಷ್ಟೇ ಅನ್ನೋದು ಸರ್ಕಾರ ಕೊಟ್ಟ ಕಾರಣಗಳಲ್ಲೊಂದು.

ಈ ವಾದದಲ್ಲಿ ಅರ್ಧ ಸತ್ಯ ಇದೆ. ಎರಡನೇ ಜಾತಿಯ ರಾಶಿಗೆ ಅದು ನಿಜ. ಅರ್ಧ ಸರಕು ಕಸಕ್ಕೆ ಹೋದರೆ ಅದನ್ನು ಯಾರಾದರೂ ಸುಟ್ಟೇ ಸುಡ್ತಾರೆ. ಮೊದಲ ಜಾತಿಯ ರಾಶಿಗೆ ಅದು ಸುಳ್ಳು. ಅಲ್ಲಿ ಹೊರಗೆ ಹೋಗೋದು ಬಹುಪಾಲು ಬರೀ ಕಲ್ಲು. ಎಲ್ಲಾ ಕಲ್ಲಿದ್ದಲಿಗೂ ತೊಳೆಯೋದು ಕಡ್ಡಾಯ ಅನ್ನೋದೂ, ಯಾವುದಕ್ಕೂ ಬೇಡ ಅನ್ನೋದೂ ಸರಾಸರಿ ನೋಡಿ ಹೇಳೋ ಮಾತೇ.

ನಮ್ಮೂರಿಗೇನು ಸಂಬಂಧ?

ಸಂಬಂಧ ಇದೆ. 210 ಮೆಗಾವ್ಯಾಟ್‌ನ ಒಂದು ಘಟಕ ಪೂರ್ತಿ ಓಡಿದರೆ, ಯೂನಿಟ್‌ಗೆ ಸುಮಾರು 700 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 3,500 ಟನ್ ಕಲ್ಲಿದ್ದಲು ಬೇಕು. ಶಕ್ತಿನಗರದಲ್ಲಿ ಅಂಥವು ಏಳು, ಜೊತೆಗೆ 250 ಮೆಗಾವ್ಯಾಟ್‌ನದ್ದು ಇನ್ನೊಂದು. ಬೂದಿ ಶೇ 40ರಿಂದ 34ಕ್ಕೆ ಇಳಿದರೆ ಒಂದೇ ಘಟಕಕ್ಕೆ ದಿನಕ್ಕೆ 210 ಟನ್ ಬೂದಿ ಕಮ್ಮಿ. ಒಳ್ಳೆ ಕಲ್ಲಿದ್ದಲಾದರೆ ಒಟ್ಟು ಸಾಗಿಸೋದೂ ಕಮ್ಮಿ ಆಗುತ್ತೆ, ಹಾಗಾಗಿ ಉಳಿತಾಯ ಇನ್ನೂ ಹೆಚ್ಚು. ಹಾರುಬೂದಿಯಿಂದ ಇಟ್ಟಿಗೆ, ಸಿಮೆಂಟ್ ಆಗುತ್ತೆ ನಿಜ. ಉಳಿದದ್ದು ಹೋಗೋದು ಬೂದಿ ಹೊಂಡಕ್ಕೆ. ಗಾಳಿ ಎದ್ದ ದಿನ ಅದು ಎಲ್ಲಿ ಬಂದು ಕೂರುತ್ತೆ ಅಂತ ಹೊಂಡದ ಹತ್ತಿರದ ಊರಿನವರಿಗೆ ಹೇಳಬೇಕಾಗಿಲ್ಲ. ಕಲ್ಲಿದ್ದಲಿನ ಖರ್ಚು, ಸಾಗಣೆ ಖರ್ಚು ಕೊನೆಗೆ ಕರೆಂಟ್ ದರದಲ್ಲೇ ಸೇರೋದು.

ಹಾಗಾಗಿ ಇನ್ಮೇಲೆ ಯಾರಾದರೂ ತೊಳೆದ ಕಲ್ಲಿದ್ದಲು ತರ್ತೀವಿ ಅಂದ್ರೂ, ತೊಳೆಯೋದು ಬೇಡ ಅಂದ್ರೂ, ಕೇಳಬೇಕಾದ್ದು ನಾಲ್ಕೇ ಪ್ರಶ್ನೆ:

– ಯಾವ ಗಣಿ, ಯಾವ ಪದರದ ಕಲ್ಲಿದ್ದಲಿಗೆ ತೇಲು–ಮುಳುಗು ಪರೀಕ್ಷೆ ಆಗಿದೆ? ಯಾವ ಗಾತ್ರಕ್ಕೆ ಒಡೆದು?
– 100 ಟನ್ ಹಾಕಿದರೆ ಎಷ್ಟು ಟನ್ ಒಳ್ಳೆಯದು ಸಿಗುತ್ತೆ, ಎಷ್ಟು ಬೂದಿಗೆ?
– ಕತ್ತರಿಸೋ ಜಾಗದ ಹತ್ತಿರದ ಸರಕು ಶೇಕಡಾ ಎಷ್ಟು?
– ಹೊರಗೆ ಹಾಕಿದ್ದರಲ್ಲಿ ಉರಿಯೋ ಸರಕು ಎಷ್ಟು, ಅದು ಎಲ್ಲಿಗೆ ಹೋಗುತ್ತೆ?

ಬೂದಿ ಶೇಕಡಾ ಇಷ್ಟು ಅಂತ ಒಂದೇ ಸಂಖ್ಯೆ ಹೇಳಿ ಮುಗಿಸಿದರೆ, ಅದು ಚೀಲ ಬಿಚ್ಚದೆ ತೊಗರಿ ಮಾರೋ ವ್ಯಾಪಾರ.